ಹದಿನಾರು ದಿನದ ತಾಲೀಮು

ಹನ್ನೊಂದನೆಯ ದಿನದ ಊಟ ಮುಗಿದು ಬೀಗರೆಲ್ಲ ಹೋದ ಮರುದಿನ, ಬೆಳಿಗ್ಗೆ ಆರೂವರೆಗೆ ನಳದಲ್ಲಿ ನೀರು ಬಂತು. ಮೊದಲು ಗಾಳಿ, ಆಮೇಲೆ ಕೆಮ್ಮಿದ ಹಾಗೆ ಎರಡು ಸಲ ನೀರು, ಆಮೇಲೆ ಒಂದೇ ಸಮ. ನಾನು ಎದ್ದು ಕೊಡ ಇಟ್ಟೆ. ಅಷ್ಟು ದಿನ ನೆರೆಯವರು ತುಂಬಿಡುತ್ತಿದ್ದರು. ಆ ದಿನ ಯಾರೂ ಬರಲಿಲ್ಲ. ಹಾಗಾಗಿ ಅದು ಮಾಮೂಲಿ ದಿನ ಎಂದು ತಿಳಿಯಿತು.

"ಕನಕಪ್ಪ ಬಿಟ್ಟಾನ," ಎಂದರು ಅತ್ತೆ ಒಳಗಿನಿಂದ. "ನನ್ನ ಮಗ ಬಿಟ್ರ ಗಾಳಿ ಬರ್ತಿದ್ದಿಲ್ಲ. ಹಗೂರಕ ತಿರುವ್ತಿದ್ದ."

ನನ್ನ ಗಂಡ ಹನಮೇಶ ಒಂಬತ್ತು ವರ್ಷ ಈ ಊರಿಗೆ ನೀರು ಬಿಟ್ಟ. ಹಿಟ್ನಾಳದಿಂದ ಮೂರು ಕಿಲೋಮೀಟರ್ ಒಳಗಿರುವ ಊರು. ಓಣಿಗೊಂದು ವಾಲ್ವ್, ಊರಿಗೊಂದು ಟ್ಯಾಂಕು. ಆ ಟ್ಯಾಂಕಿನ ಏಣಿಯಿಂದ ಬಿದ್ದು ಅವನು ಸತ್ತ. ಮೂವತ್ತೆರಡು ವರ್ಷ. ಅವನು ನನ್ನ ಸೋದರತ್ತೆ ಪಾರಮ್ಮನವರ ಒಬ್ಬನೇ ಮಗ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಕೊಪ್ಪಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಓದಿದ ಹುಡುಗಿಯನ್ನು ನೀರು ಬಿಡುವವನಿಗೆ ಕೊಟ್ಟರು ಎಂದು ಮಂದಿ ಆಡಿಕೊಂಡರು. ಕೊಟ್ಟದ್ದಲ್ಲ. ನಾನೇ ಕೇಳಿದ್ದೆ.

ಎಂಟು ಗಂಟೆಗೆ ಪಕ್ಕದ ಮನೆಯ ಪಕ್ಕೀರವ್ವ ರೊಟ್ಟಿ ತಂದಳು. ಕಟ್ಟೆಯ ಮೇಲೆ ಕುಳಿತು ಅತ್ತೆಯ ಕೈ ಹಿಡಿದುಕೊಂಡಳು.

"ಮಂದಿ ಬಾಯಿ ಮುಚ್ಚಾಕ ಆಗಂಗಿಲ್ಲ, ಪಾರಮ್ಮಕ್ಕ. ಜಿಗದಾನ ಅಂತಾರ. ತಲಿ ನೆಟ್ಟಗ ಇರಲಿಲ್ಲಂತ."

"ಯಾರು ಅಂತಾರ?"

"ಯಾರ ಹೆಸರು ಹೇಳ್ಲಿ. ಎಲ್ಲಾರೂ ಅಂತಾರ. ನಾ ಮಾತ್ರ ಅಂದಿಲ್ಲ."

"ನೀ ಅನ್ನದ ಮಾತು ಈ ಊರಾಗ ಯಾವುದು ಹುಟ್ಟೈತಿ?"

ಅತ್ತೆ ಎದ್ದು ಒಳಗೆ ಹೋಗಿ ದೇವರ ಜಗಲಿಯ ಮೇಲಿದ್ದ ಟ್ಯಾಬ್ ತಂದರು. ಅದರ ಬೆನ್ನಿಗೆ ಕುಂಕುಮ ಹತ್ತಿತ್ತು. ಆಯುಧ ಪೂಜೆಯ ದಿನ ವಾಲ್ವ್ ತಿರುಗಿಸುವ ಕಬ್ಬಿಣದ ಚಾವಿಯ ಜೊತೆ ಅದಕ್ಕೂ ಅವರೇ ಹಚ್ಚಿದ್ದರು. ಎಲ್ಲಿ ಒತ್ತಿದರೆ ಏನು ಕಾಣುತ್ತದೆ ಎಂಬುದು ಈಗ ಅವರಿಗೆ ಗೊತ್ತು. ಒತ್ತಿದರು. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರಿದ ಒಂದು ಹಸಿರು ಗೆರೆ. ತುದಿಯಲ್ಲಿ ಒಂದು ಅಂಕಿ.

"ನೋಡು. ನೂರಕ್ಕ ತೊಂಬತ್ತೊಂದು. ತಲಿ ನೆಟ್ಟಗಿಲ್ಲದವಂಗ ಇಷ್ಟು ಬರ್ತಾವೇನು? ನಿನ್ನ ಮಗ ಹತ್ತನೇ ಕ್ಲಾಸಿನ್ಯಾಗ ಎಷ್ಟು ತೊಗೊಂಡಿದ್ದ?"

"ಅಂವ ಪಾಸಾಗಿದ್ದ," ಎಂದಳು ಪಕ್ಕೀರವ್ವ.

"ಆರಾಮ ಆಗ್ಯಾನ ಅಂತ ಡಾಕ್ಟರ್ರು ಬರದು ಕೊಟ್ಟಾರ. ಆರಾಮ ಆದಾಂವ ಯಾಕ ಜಿಗೀತಾನ? ಕಾಲು ಜಾರೈತಿ. ಹೋಗಿ ಹೇಳು ನಿನ್ನ ಎಲ್ಲಾರಿಗೂ."

ಕಾಲು ಜಾರಿದ್ದು ನಿಜ. ತೊಂಬತ್ತೊಂದು ಅವನದಲ್ಲ. ಅದು ನನ್ನ ಅಂಕ. ಅದು ಗೊತ್ತಿದ್ದವರು ಇಬ್ಬರು. ಒಬ್ಬ ಈಗ ಇಲ್ಲ.

ಒಂಬತ್ತಕ್ಕೆ ಮುಬಾಶಿರಾ ಫೋನ್ ಮಾಡಿದಳು. ಭಾಗ್ಯನಗರದ ರಸ್ತೆಯಲ್ಲಿರುವ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಟ್ಯಾಬಿನ ತಾಲೀಮು ನೋಡಿಕೊಳ್ಳುವವಳು ಅವಳೇ. ನನಗಿಂತ ಎರಡು ವರ್ಷ ಚಿಕ್ಕವಳು. ಮಣ್ಣಿಗೆ ಬಂದಿದ್ದಳು, ಹೆಂಗಸರ ಗುಂಪಿನ ಹಿಂದೆ ನಿಂತು ಅತ್ತಿದ್ದಳು.

"ಅಕ್ಕಾ, ಕೇಳಾಕ ಮನಸ್ಸಿಲ್ಲರಿ. ಆ ಟ್ಯಾಬ್... ನಮ್ಮ ಹತ್ರ ಇರೋದ ನಾಲ್ಕು. ಕುಷ್ಟಗಿ ಕಡಿ ಒಬ್ರು ಕಾಯಾಕ ಹತ್ಯಾರ."

"ಯಾರು?"

"ಅಂಗನವಾಡ್ಯಾಗ ಅಡಿಗಿ ಮಾಡ್ತಾರ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಅರ್ಧಾ ದಾರಿಯಿಂದ ತಿರುಗಿ ಹೋಗ್ತಾರ, ದಿನಾ ಹತ್ತು ಸಲ. ಈಗ ಕೆಲಸ ಬಿಡಿಸ್ಯಾರ. ಆಕಿ ಗಂಡಗ ನಿಮ್ಮವರ ಗೆರಿ ತೋರಿಸೀನಿ. ಹೆಸರು ಹೇಳಿಲ್ಲರಿ. ನಲವತ್ತು ದಿನದಾಗ ಒಬ್ರು ಕೆಲಸಕ್ಕ ಹೊಳ್ಳಿ ಹೋದ್ರು, ನಿಮ್ಮಾಕಿನೂ ಹೋಗ್ತಾಳ ಅಂದೀನಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬಿದ್ದದ್ದು ಬ್ಯಾರೆ ಮಾತಲ್ರಿ, ಅಕ್ಕಾ. ತಾಲೀಮು ಕೆಲಸ ಮಾಡಿತ್ತು. ಮೂರು ಮಂದಿ ಮುಗಿಸ್ಯಾರ, ಏರಿದ್ದು ನಿಮ್ಮವರದೊಂದ. ಅದನ್ನ ನೋಡೇ ಡಾಕ್ಟರ್ರು ಎಂಬತ್ತೈದರ ಗೆರಿ ಹಾಕ್ಯಾರ. ಎಂಬತ್ತೈದು ದಾಟಿದ್ರ ಆರಾಮ ಆಗ್ಯಾರಂತ ಪತ್ರ."

ನಾಳೆ ತರುತ್ತೇನೆ ಎಂದೆ.

*

ಹೋದ ವರ್ಷದ ಬೇಸಿಗೆಯಲ್ಲಿ ಹೊಳೆಯ ದಂಡೆಯ ಗುಡ್ಡಗಳಿಂದ ಮಂಗಗಳು ನೀರು ಹುಡುಕಿಕೊಂಡು ಊರಿಗೆ ಬಂದವು. ಒಂದು ದಿನ ಹನಮೇಶ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಇಳಿದ. ಮುಚ್ಚಳ ಹಾಕಿದ್ದನೋ, ಚಿಲಕ ಸಿಕ್ಕಿಸಿದ್ದನೋ, ಯಾರಿಗೂ ಗೊತ್ತಿಲ್ಲ. ಮೂರನೆಯ ದಿನ ನೀರಿಗೆ ನಾತ ಬಂತು. ಅವನೇ ಟ್ಯಾಂಕಿನೊಳಗೆ ಇಳಿದು ಸತ್ತ ಮಂಗವನ್ನು ಎದೆಗವಚಿಕೊಂಡು ತಂದ. ಎರಡು ದಿನ ಊರೆಲ್ಲ ಆ ನೀರನ್ನೇ ಕುಡಿದಿತ್ತು.

ನಮ್ಮ ಊರಲ್ಲಿ ಸತ್ತದ್ದು ಮಂಗ ಎನ್ನುವುದಿಲ್ಲ. ಹನುಮಪ್ಪ ತೀರಿಕೊಂಡ ಎನ್ನುತ್ತಾರೆ. ಕುರ್ಚಿಯ ಮೇಲೆ ಕೂರಿಸಿ, ಶಲ್ಯ ಹೊದಿಸಿ, ಹಾರ ಹಾಕಿ, ಭಜನೆಯ ಜೊತೆ ಊರೆಲ್ಲ ತಿರುಗಿಸಿದರು. ಗುಡಿಯ ಹಿಂದೆ ಮಣ್ಣು ಮಾಡಿದರು. ಕುರ್ಚಿಗೆ ಹೆಗಲು ಕೊಟ್ಟವರಲ್ಲಿ ಹನಮೇಶನೂ ಒಬ್ಬ. ತಲೆ ಬೋಳಿಸಿಕೊಂಡವರು ಮೂರು ಮಂದಿ, ಅವರಲ್ಲೂ ಒಬ್ಬ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ತಿಂಗಳು ಕೆಳಗಿನ ಓಣಿಯ ಮುದುಕರೊಬ್ಬರು ಎಂಬತ್ತೆಂಟನೆಯ ವಯಸ್ಸಿಗೆ ತೀರಿಕೊಂಡರು. ಅದನ್ನೂ ಅವನು ತನ್ನ ತಲೆಗೆ ಕಟ್ಟಿಕೊಂಡ.

ಆಮೇಲೆ ಮುಚ್ಚಳ ನೋಡಲು ಎರಡನೆಯ ಸಲ ಏಣಿ ಹತ್ತತೊಡಗಿದ. ಆಮೇಲೆ ಮೂರು. ಅರವತ್ತೆರಡು ಮೆಟ್ಟಿಲು. ಮುಂದಿನ ಯುಗಾದಿಯ ಹೊತ್ತಿಗೆ ದಿನಕ್ಕೆ ಹನ್ನೊಂದು, ಹನ್ನೆರಡು. ಮೇಲೆ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟು, ಚಿಲಕ ಎಳೆದು ನೋಡಿ, ಇಳಿಯುತ್ತಿದ್ದ. ಕೊನೆಯ ಮೆಟ್ಟಿಲಿಗೆ ಬಂದಾಗ ಸಂಶಯ. ನಾನು ನೋಡಿದ್ದು ಈಗಿನದೋ, ನಿನ್ನೆಯದೋ?

"ಕಣ್ಣಿಗೆ ಕಾಣಸ್ತೈತಿ, ಐಶೂ. ತಲಿಗೆ ಮುಟ್ಟಂಗಿಲ್ಲ."

ಒಮ್ಮೆ ನಾನೇ ಹತ್ತಿ ಮುಚ್ಚಳದ ಫೋಟೊ ತೆಗೆದು ತಂದೆ. ಅವನು ಬಹಳ ಹೊತ್ತು ನೋಡಿದ. "ಇದು ಫೋಟೊ ತಗದಾಗ ಮುಚ್ಚಿತ್ತು," ಎಂದ. "ಈಗ?"

ಇಂಥವನು ಕಿವಿಯಲ್ಲಿ ಮಾತ್ರ ಗಟ್ಟಿಗ. ಚಾವಿಯ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದಕ್ಕೆ ಕಿವಿ ಹಚ್ಚಿದರೆ ನೆಲದೊಳಗೆ ನೀರು ಹರಿಯುವುದು ಕೇಳುತ್ತದೆ. ಒಡೆದ ಪೈಪು ಎಲ್ಲಿದೆ ಎಂದು ಅವನು ಹಾಗೆಯೇ ಹೇಳುತ್ತಿದ್ದ, ಅಗೆದರೆ ಅಲ್ಲೇ ಇರುತ್ತಿತ್ತು. ಆ ಕಿವಿಯನ್ನು ಅವನು ಕೊನೆಯವರೆಗೂ ನಂಬಿದ. ಮುಚ್ಚಳಕ್ಕೆ ಸದ್ದಿಲ್ಲ.

ಅವನ ಜೊತೆ ಕೆಲಸ ಮಾಡುತ್ತಿದ್ದ ಕನಕಪ್ಪನಿಗೆ ಅರವತ್ತರ ಹತ್ತಿರ. ಮೊದಮೊದಲು ನಗುತ್ತಿದ್ದ.

"ಯಾಕಲೇ ಹನಮ್ಯಾ, ಮುಚ್ಚಳದ ಜೋಡಿ ಲಗ್ನಾ ಮಾಡ್ಕೊಂಡಿಯೇನು? ಹೆಂಡ್ತಿ ಮಾರಿನೂ ಇಷ್ಟು ಸಲ ನೋಡಂಗಿಲ್ಲಲ್ಲೋ ನೀ."

"ಹೆಂಡ್ತಿ ತಾನ ಮುಚ್ಚಿಕೊಂಡಿರ್ತಾಳ, ಕಾಕಾ. ಬಾಯಿ ಒಂದ ಬಿಟ್ಟು."

ಆಗ ಇನ್ನೂ ಹೀಗೆ ಮಾತಾಡುತ್ತಿದ್ದ. ಆಮೇಲೆ ನಗೆ ನಿಂತಿತು. ನೀರು ತಡವಾಗತೊಡಗಿತು. ಏಣಿ ಹತ್ತುವ ಕೆಲಸ ಕನಕಪ್ಪನಿಗೆ ಹೋಯಿತು. ಕನಕಪ್ಪನ ಮೊಣಕಾಲು ಕೆಟ್ಟಿತ್ತು. "ದಸರೆ ತನಕ ಹತ್ತತೀನಿ, ತಂಗಿ," ಎಂದು ನನಗೆ ಹೇಳಿದ. "ಆಮ್ಯಾಲ ಇಂವ ಆರಾಮ ಆಗ್ಯಾನಂತ ಕಾಗದ ತರಬೇಕು. ಇಲ್ಲಾಂದ್ರ ಬ್ಯಾರೆದವರನ್ನ ಹಚ್ಚತಾರ."

ಡಾಕ್ಟರು ಇದಕ್ಕೆ ಗೀಳು ಎಂದು ಹೆಸರು ಹೇಳಿದರು. ಗುಳಿಗೆ ಬರೆದರು. ಅದರ ಜೊತೆಗೆ ಒಂದು ತಾಲೀಮಿದೆ, ಪ್ರಯತ್ನ ಮಾಡಿ ನೋಡುತ್ತಿದ್ದೇವೆ, ಒಪ್ಪಿದರೆ ಸೇರಿಸುತ್ತೇವೆ ಎಂದರು. ಮುಬಾಶಿರಾ ವಿವರಿಸಿದಳು.

"ಗರಡಿಮನ್ಯಾಗ ತೋಳಿಗೆ ತಾಲೀಮು ಇರತೈತಲ್ರಿ, ಹಂಗ ತಲಿಗೆ. ಚಿತ್ರ ಬರ್ತಾವ, ಬೆರಳಿಂದ ಮುಟ್ಟಬೇಕು. ನಡುವ ನಿಮ್ಮ ಟ್ಯಾಂಕಿನ ಮುಚ್ಚಳ ಬರತೈತಿ. ಅದನ್ನ ಮುಟ್ಟಬಾರದು. ಕೈ ಮುಂದ ಹೊಕ್ಕೈತಿ, ನೀವು ತಡೀಬೇಕು. ತಡದು ತಡದು ತಲಿ ಕಲೀತೈತಿ."

"ಮುಚ್ಚಳ ತೆರದದ್ದೋ ಮುಚ್ಚಿದ್ದೋ?" ಎಂದು ಹನಮೇಶ ಕೇಳಿದ.

"ಎರಡೂ ಬರ್ತಾವ. ಎರಡನ್ನೂ ಬಿಡಬೇಕು."

ಅವನು ಟ್ಯಾಬ್ ಎರವಲು ತೆಗೆದುಕೊಂಡು, ಪುಸ್ತಕದಲ್ಲಿ ಸಹಿ ಮಾಡಿದ. ಸರಿಯಾಯಿತೋ ಇಲ್ಲವೋ ಎಂದು ಅದರ ಮೇಲೆಯೇ ಇನ್ನೊಮ್ಮೆ ತಿದ್ದಿದ.

ದಿನಕ್ಕೆ ಇಪ್ಪತ್ತೈದು ನಿಮಿಷ. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಕುಳಿತು ಆಡುತ್ತಿದ್ದ. ಬಕೆಟ್ಟು, ಮುಟ್ಟು. ಚಪ್ಪಲಿ, ಮುಟ್ಟು. ಮುಚ್ಚಳ. ಬೆರಳು ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಮೊದಲ ದಿನ ಐವತ್ತೆರಡು. ಆಮೇಲೆ ಐವತ್ತೆಂಟು, ಐವತ್ತೈದು, ಅರವತ್ತೊಂದು, ನಲವತ್ತೊಂಬತ್ತು. ಅರವತ್ತೊಂದು ಬಂದ ದಿನ ಅತ್ತೆ ಶಿರಾ ಮಾಡಿದರು.

"ಫಸ್ಟ್ ಕ್ಲಾಸ್ ಬಂತಲ್ಲ, ಅವ್ವಾ," ಎಂದ. ಮರುದಿನ ನಲವತ್ತೊಂಬತ್ತಾದಾಗ, "ಶಿರಾ ಹೊಳ್ಳಿ ಕೊಡ್ಲೇನು?" ಎಂದು ಕೇಳಿದ. ಅವನು ತಮಾಷೆ ಮಾಡಿದ್ದು ಅದೇ ಕೊನೆ.

ಹದಿನಾರು ದಿನ ಹೀಗೆ ನಡೆಯಿತು. ಹದಿನೇಳನೆಯ ದಿನ ಅವನು ನಡುವೆ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದ. ಈಗ ಮುಟ್ಟಿದೆನೋ ಏನೋ ಎಂದ. ಮತ್ತೆ ಶುರು ಮಾಡಿದ. ಮುಚ್ಚಳದ ಚಿತ್ರ ಹೋದ ಮೇಲೆ ಅದನ್ನು ಇನ್ನೊಮ್ಮೆ ನೋಡಬೇಕಿತ್ತು ಅವನಿಗೆ. ಟ್ಯಾಬ್ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಮೊದಲಿನಿಂದ. ಬ್ಯಾಟರಿ ಮುಗಿಯುವವರೆಗೆ. ಮರುದಿನವೂ ಹಾಗೆಯೇ. ಟ್ಯಾಂಕಿನ ಮುಚ್ಚಳ ಈಗ ಮನೆಯೊಳಗೆ ಬಂದಿತ್ತು.

ತಾಲೀಮು ಪೂರ್ತಿಯಾಗದ ದಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ; ಸತತ ಮೂರು ದಿನ ಹಾಗಾದರೆ ಹೆಸರು ತೆಗೆಯುತ್ತಾರೆ ಎಂಬ ನಿಯಮವಿತ್ತು. ಮೂರನೆಯ ಸಂಜೆ ಅವನು ಏಳು ಸಲ ಶುರು ಮಾಡಿ ಟ್ಯಾಬನ್ನು ನನ್ನ ಮುಂದೆ ಸರಿಸಿದ.

"ನೀ ಮಾಡು, ಐಶೂ."

"ಮುಬಾಶಿರಾ ಮೇಡಮ್ಮಗ ಹೇಳೋಣ. ಆಗವಲ್ದು ಅಂತ."

"ಹೇಳಿದ್ರ ಕಾಗದ ಸಿಗಂಗಿಲ್ಲ. ಇವತ್ತೊಂದಿನ ಮಾಡು. ನಾಳಿಂದ ನಾ ಮಾಡ್ತೀನಿ."

ನನಗೆ ತೊಂಬತ್ತಾರು ಬಂತು. ಅದನ್ನು ಕಳಿಸಲಿಲ್ಲ. ಅರವತ್ತರ ಆಚೆಈಚೆ ಓಡಾಡುತ್ತಿದ್ದವನಿಗೆ ಒಂದೇ ದಿನ ತೊಂಬತ್ತಾರು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಅಳಿಸಿ ಇನ್ನೊಮ್ಮೆ ಆಡಿದೆ. ಬೇಕೆಂದೇ ತಪ್ಪಿದೆ. ಅರವತ್ತನಾಲ್ಕು. ಮರುದಿನ ಅವನು ಆಡಲಿಲ್ಲ, ನಾನು ಕೇಳಲೂ ಇಲ್ಲ. ಅರವತ್ಮೂರು. ಅದರ ಮರುದಿನ ಅರವತ್ತೇಳು. ಒಂದು ವಹಿಯ ಹಿಂಬದಿಯಲ್ಲಿ ನಲವತ್ತನೆಯ ದಿನದವರೆಗೆ ಗೆರೆ ಹಾಕಿಟ್ಟುಕೊಂಡೆ. ಕಲಿಯುವವನ ಗೆರೆ ಹೇಗಿರುತ್ತದೆ ಎಂಬುದು ಪುಸ್ತಕದಲ್ಲಿದೆ. ಮೊದಲು ಬೇಗ ಏರುತ್ತದೆ, ಆಮೇಲೆ ನಿಧಾನ, ನಡುನಡುವೆ ಒಂದು ಇಳಿತ. ಅತ್ತೆ ಮಲಗಿದ ಮೇಲೆ ಆಡುತ್ತಿದ್ದೆ, ಭಾನುವಾರ ಸ್ವಲ್ಪ ಕಡಿಮೆ ಮಾಡುತ್ತಿದ್ದೆ. ನನ್ನ ಓದು ನನಗೆ ಅಷ್ಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮುಬಾಶಿರಾ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಭಾಳ ಛಲೋ ಆಗಾಕ ಹತ್ಯಾರ ಅಕ್ಕಾ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ನಲವತ್ತನೆಯ ದಿನ ತೊಂಬತ್ತೊಂದು ಆಯಿತು. ಹನಮೇಶ ಪರದೆಯನ್ನು ನೋಡಿದ.

"ಗೆರಿ ಛಲೋ ಐತಿ," ಎಂದ. "ಹಿಂಗ ಇರಬೇಕಿತ್ತು."

ಡಾಕ್ಟರು ಅವನನ್ನು ಮಾತಾಡಿಸಿದರು. ಎಷ್ಟು ಸಲ ನೋಡಬೇಕೆನಿಸುತ್ತದೆ ಎಂದು ಕೇಳಿದರು. ಒಂದು ಸಲ ಎಂದ. ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಏಣಿ ಹತ್ತುವುದು ಬಿಟ್ಟು ಆರು ತಿಂಗಳಾಗಿತ್ತು, ಹತ್ತದವನು ಎಷ್ಟು ಸಲ ಹತ್ತುತ್ತಾನೆ ಎಂದು ಯಾರಿಗೆ ಗೊತ್ತಾಗಬೇಕು? ಬಿಟ್ಟಿದ್ದರಿಂದಲೇ ಗುಣವಾಗಿರಬಹುದು ಎಂದು ನಾನೂ ಅಂದುಕೊಂಡೆ. ಅಂದುಕೊಳ್ಳುವುದು ಬೇಕಾಗಿತ್ತು. ಪತ್ರ ಸಿಕ್ಕಿತು. ಏಣಿಯ ಕೆಲಸ ಮರಳಿ ಬಂತು. ಅತ್ತೆ ಟ್ಯಾಬಿಗೆ ಕುಂಕುಮ ಹಚ್ಚಿದರು.

ಅವನು ಮರಳಿ ಏಣಿ ಹತ್ತತೊಡಗಿದ ಆರನೆಯ ದಿನ ಮಧ್ಯಾಹ್ನ ಮಳೆ ಬಂದು ನಿಂತಿತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವನು ಟ್ಯಾಂಕಿನ ಕೆಳಗೆ ಮಲಗಿದ್ದ. ಮುಖಕ್ಕೆ ಏನೂ ಆಗಿರಲಿಲ್ಲ. ಕನಕಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ.

"ಎಂಟನೇ ಸಲ, ತಂಗಿ. ಮೆಟ್ಲ ಹಸಿ ಐತೆಪಾ ಅಂದೆ. ಇದೊಂದ ಸಲ ಕಾಕಾ ಅಂದ. ಮ್ಯಾಲ ಹೋದ, ನೋಡ್ದ, ಇಳಿಯಾಕ ಹತ್ತಿದ. ನಡುವ ನಿಂತ. ಹೊಳ್ಳಿ ಹತ್ಲೋ ಬ್ಯಾಡೋ ಅಂತ ಮ್ಯಾಲ ನೋಡ್ದ. ಅಷ್ಟ."

ಆಮೇಲೆ ಕನಕಪ್ಪ ಮೇಲೆ ಹತ್ತಿ ನೋಡಿ ಬಂದ. ಮುಚ್ಚಳ ಹಾಕಿತ್ತು. ಚಿಲಕ ಸಿಕ್ಕಿಸಿತ್ತು.

*

ಮುಬಾಶಿರಾಳ ಫೋನ್ ಇಟ್ಟು ಒಳಗೆ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಟ್ಯಾಬ್ ಅವರ ಮಗ್ಗುಲಿಗೆ ಇತ್ತು.

"ಅತ್ತಿ, ಅದನ್ನ ನಾಳಿ ಹೊಳ್ಳಿ ಕೊಡಬೇಕು. ಇನ್ನೊಬ್ರು ಕಾಯ್ತಿದಾರ."

"ಕೊಡು. ಅದರಾಗಿನ ಗೆರಿ ಒಂದು ಕಾಗದದ ಮ್ಯಾಲ ತಗಿಸ್ಕೊಂಡು ಬಾ. ಕಟ್ಟು ಹಾಕಸ್ತೀನಿ. ಬಾಗಿಲಿಗೆ ಎದುರ ಹಾಕಸ್ತೀನಿ, ಬಂದವರು ನೋಡ್ಲಿ."

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಹದಿನಾರು ದಿನ ಅವನು ಆಡಿದ, ಇಪ್ಪತ್ನಾಲ್ಕು ದಿನ ನಾನು ಆಡಿದೆ. ತೊಂಬತ್ತೊಂದು ನನ್ನದು.

ಅತ್ತೆಯ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಒಂದು ಕಲ್ಲು ಸಿಕ್ಕಿತು. ಅದನ್ನು ಬದಿಗೆ ಹಾಕಿದರು.

"ಅವನವು ಎಷ್ಟಿದ್ದವು?"

"ಐವತ್ತು. ಅರವತ್ತು."

"ಅಂದ್ರ ಆರಾಮ ಆಗಿರಲಿಲ್ಲ."

"ಇಲ್ರಿ."

"ಅಂಥವನ್ನ ಮ್ಯಾಲ ಹತ್ತಾಕ ಕಳಿಸಿದಿ."

ಅವನೇ ಕೇಳಿದ್ದ ಎಂದು ಹೇಳಬಹುದಿತ್ತು. ಕೇಳಿದ್ದು ನಿಜ. ಕೇಳಿದವನ ತಲೆ ಸರಿಯಿಲ್ಲ ಎಂದು ಗೊತ್ತಿದ್ದವಳು ನಾನು.

"ಯಾರಿಗೆ ಹೇಳಾಕ ಹೊಂಟಿ?"

"ಮುಬಾಶಿರಾಗ."

"ಹೇಳಬ್ಯಾಡ." ಅವರು ಮೊದಲ ಸಲ ತಲೆಯೆತ್ತಿದರು. "ನಾಳಿ ಊರಿಗೆ ಗೊತ್ತಾಕ್ಕೈತಿ. ಹುಚ್ಚ ಇದ್ದ, ಜಿಗದ ಅಂತಾರ. ಸತ್ತಾಂವ ಸತ್ತ. ಅವನ ಹೆಸರರೇ ಉಳೀಲಿ."

"ಅವನ ಗೆರಿ ನೋಡಿ ಇನ್ನೊಬ್ಬಾಕಿಗೆ ಕಾಗದ ಕೊಡ್ತಾರ, ಅತ್ತಿ. ಕುಷ್ಟಗಿಯಾಕಿ. ಹೊಳ್ಳಿ ಗ್ಯಾಸಿನ ಮುಂದ ನಿಂತು ಮಕ್ಕಳಿಗೆ ಅಡಿಗಿ ಮಾಡ್ತಾಳ."

"ನನಗ ಆಕಿ ಏನಾಗಬೇಕು?"

ಆ ದಿನ ಅತ್ತೆ ಉಣ್ಣಲಿಲ್ಲ. ನಾನು ಉಂಡೆ. ಹಸಿವಾಗಿತ್ತು.

ಮರುದಿನ ಬೆಳಿಗ್ಗೆ ವಹಿಯ ಆ ಹಾಳೆಯನ್ನು ಹರಿದು ಚೀಲದಲ್ಲಿಟ್ಟೆ. ಟ್ಯಾಬ್ ದೇವರ ಜಗಲಿಯ ಮೇಲಿರಲಿಲ್ಲ. ಹುಡುಕುವುದು ಹೇಗೆ ಎಂದು ನಿಂತಿದ್ದಾಗ ಅತ್ತೆ ಒಳಗಿನಿಂದ ಬಂದು ನನ್ನ ಮುಂದೆ ಇಟ್ಟರು. ಚಾರ್ಜರಿನ ವೈರನ್ನು ಸುತ್ತಿ ದಾರ ಕಟ್ಟಿದ್ದರು.

"ಇದನ್ನೂ ಕೊಡು. ಮಂದಿ ಸಾಮಾನು ಮನ್ಯಾಗ ಇರಬಾರದು."

ಬಾಗಿಲಿಗೆ ಬಂದಾಗ ಹಿಂದಿನಿಂದ ಹೇಳಿದರು. "ಕಾಗದದ ಮ್ಯಾಲ ತಗಿಸ್ಕೊಂಡು ಬರಬ್ಯಾಡ."

ಹಿಟ್ನಾಳದವರೆಗೆ ನಡೆದೆ. ಪಕ್ಕೀರವ್ವ ತನ್ನ ಕಟ್ಟೆಯಿಂದ ನೋಡಿದಳು. "ಹದಿಮೂರ ದಿನಕ್ಕ ಹೊರಗ ಹೊಂಟಿಯೇನ, ಯವ್ವಾ?" ಎಂದಳು. ಕೆಲಸ ಐತಿ ಎಂದೆ. ಟ್ಯಾಂಕಿನ ಕೆಳಗೆ ಕನಕಪ್ಪ ಇನ್ನೊಬ್ಬನಿಗೆ ಚಾವಿ ಹಿಡಿಯುವುದನ್ನು ತೋರಿಸುತ್ತಿದ್ದ. ನನ್ನನ್ನು ಕಂಡು ತಲೆಗೆ ಸುತ್ತಿದ ವಲ್ಲಿ ತೆಗೆದ. ನಾನು ಮೇಲೆ ನೋಡಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ಬೇಗ ಸಿಕ್ಕಿತು.

ಕ್ಲಿನಿಕ್ಕಿನಲ್ಲಿ ಮುಬಾಶಿರಾ ಒಬ್ಬಳೇ ಇದ್ದಳು. ಚಹಾ ತರಿಸಲು ಎದ್ದಳು. ಬೇಡ ಎಂದು ಹಾಳೆಯನ್ನು ಅವಳ ಮುಂದೆ ಬಿಚ್ಚಿಟ್ಟೆ. ಅದರ ಮೇಲೆ ನಾನು ಹಾಕಿದ್ದ ಗೆರೆ, ದಿನಗಳು, ಯಾವ ದಿನ ಎಷ್ಟು ತಪ್ಪಬೇಕು ಎಂಬ ಲೆಕ್ಕ. ಟ್ಯಾಬನ್ನೂ ತೆರೆದು ಪಕ್ಕದಲ್ಲಿಟ್ಟೆ. ಎರಡು ಗೆರೆ ಒಂದೇ.

ಅವಳು ಬೆರಳಿಟ್ಟು ಎರಡನ್ನೂ ಹೋಲಿಸಿದಳು.

"ಇದು ಮೊದಲ ಬರದದ್ದು?"

"ಹೂಂ. ಆಮ್ಯಾಲ ಆಡಿದ್ದು."

"ತಪ್ಪು ಸೈತ ಲೆಕ್ಕ ಹಾಕಿ ಮಾಡಿರೇನು?"

"ಹೂಂ."

ಹೊರಗಿನ ಬಾಕಿನ ಮೇಲೆ ಯಾರೋ ಬಂದು ಕುಳಿತ ಸದ್ದಾಯಿತು. ಮುಬಾಶಿರಾ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ಇಷ್ಟು ನೆಟ್ಟಗ ಯಾರೂ ಏರಂಗಿಲ್ಲ, ಅಕ್ಕಾ. ನನಗ ಅನಿಸಿತ್ತು. ಒಂದು ಸಲ ಮನಿಗೆ ಬಂದು ಎದುರ ಕುಂದ್ರಿಸಿ ಆಡಿಸಿ ನೋಡಬೇಕಿತ್ತು. ನೋಡಲಿಲ್ಲ. ನನಗೂ ಆ ಗೆರಿ ಬೇಕಾಗಿತ್ತು."

"ನೀವು ಬಂದಿದ್ರ ಇವತ್ತು ಆರಾಮ ಇಲ್ಲ, ನಾಳಿ ಬರ್ರಿ ಅಂತಿದ್ದೆ."

ಅವಳು ಕಣ್ಣು ಒರೆಸಿಕೊಂಡಳು. ನನ್ನ ಮೇಲೆ ಸಿಟ್ಟಾಗಬಹುದು ಎಂದು ಕಾದೆ. ಆಗಿದ್ದರೂ ತೋರಿಸಲಿಲ್ಲ. ತನ್ನ ಕಂಪ್ಯೂಟರಿನಲ್ಲಿ ಅವನ ಹೆಸರು ತೆಗೆದಳು. ಹದಿನೇಳರಿಂದ ನಲವತ್ತರವರೆಗೆ ಗುರುತು ಹಾಕಿದಳು.

"ಡಾಕ್ಟರ್ರಿಗೆ ಇವತ್ತ ಹೇಳ್ತೀನಿ. ಎಂಬತ್ತೈದರ ಗೆರಿ ತಗೀಬೇಕಾಕ್ಕೈತಿ. ಕುಷ್ಟಗಿಯವರಿಗೂ ಫೋನ್ ಮಾಡ್ತೀನಿ. ನಾ ತೋರಿಸಿದ್ದು ಖರೇ ಅಲ್ಲ ಅಂತ. ಗುಳಿಗಿ ಬಿಡಬ್ಯಾಡ್ರಿ, ತಾಲೀಮು ಬೇಕಂದ್ರ ಬರ್ರಿ, ಆದ್ರ ಇದರ ಮ್ಯಾಲ ಕಾಗದ ಸಿಗಂಗಿಲ್ಲ ಅಂತ."

"ಊರಿಗೆ?"

"ಊರಿಗೆ ನಮ್ಮ ಕಡಿಂದ ಹೋಗಂಗಿಲ್ಲ. ಡಾಕ್ಟರ್ರು ಕೊಟ್ಟ ಕಾಗದದ್ದು ಮಾತ್ರ ನಾ ಹೇಳಾಕ ಬರಂಗಿಲ್ಲ. ಅವರು ಕೇಳಿದ್ರ ನೀವು ಬಂದು ಹೇಳಬೇಕಾಕ್ಕೈತಿ."

ಬರುತ್ತೇನೆ ಎಂದೆ.

ಅವಳು ಒತ್ತಿದಳು. ಏರಿದ ಗೆರೆ ಹೋಯಿತು. ಎಡಗಡೆಯ ಮೂಲೆಯಲ್ಲಿ ಹದಿನಾರು ಚುಕ್ಕೆ ಉಳಿದವು. ಮೇಲೆ, ಕೆಳಗೆ, ಕೆಳಗೆ, ಮೇಲೆ. ಎಲ್ಲಿಗೂ ಹೋಗದ ಗೆರೆ.

"ಇವು ಅವರವೇನು?"

"ಅವನವ."

"ಇವನ್ನ ಇಟ್ಕೋತೀನಿ. ಇವು ಬೇಕಾಕ್ಕಾವ. ತಾಲೀಮು ಎಲ್ಲಿ ಸೋಲತೈತಿ ಅನ್ನೋದೂ ಗೊತ್ತಾಗಬೇಕಲ್ರಿ."

ನಾನು ನಾಲ್ಕನೆಯ ಚುಕ್ಕೆಯನ್ನು ನೋಡಿದೆ. ಅರವತ್ತೊಂದು. ಶಿರಾ ಮಾಡಿದ ದಿನ.

ಅವಳು ಪುಸ್ತಕ ತೆಗೆದಳು. ಒಯ್ದವರು ಎಂಬಲ್ಲಿ ಅವನ ಸಹಿ, ಒಂದರ ಮೇಲೊಂದು ಎರಡು ಸಲ. ಮರಳಿಸಿದವರು ಎಂಬಲ್ಲಿ ಖಾಲಿ. ಟ್ಯಾಬು ಒಂದು, ಚಾರ್ಜರು ಒಂದು ಎಂದು ಅವಳು ಬರೆದುಕೊಂಡಳು. ನಾನು ಸಹಿ ಮಾಡಿದೆ.

"ಟ್ಯಾಬಿನ ಹಿಂದಿನ ಕುಂಕುಮ ಒರಸ್ಲೇನ್ರಿ?"

"ಒರಸ್ರಿ," ಎಂದೆ. ಟ್ಯಾಬನ್ನು ಅವಳ ಕೈಗೆ ಕೊಟ್ಟೆ.